ಗೆಳತಿಯ ಕಡೆಯಿಂದ ಬರೆದ ಹನ್ನೆರಡು ಪುಟ

ಹದಿನಾರರ ಹುಡುಗಿಯೊಬ್ಬಳ ಮುರಿದ ಪ್ರೀತಿಯ ಕಾದಂಬರಿ ಬರೆಯಲು ಕೂತಾಗ ನನ್ನ ತಲೆಯಲ್ಲಿದ್ದದ್ದು ಅವಳು ಮತ್ತು ಆ ಹುಡುಗ, ಇಬ್ಬರೇ. ಮೊದಲ ಕರಡು ಮುಗಿಯಲು 8 ತಿಂಗಳು ಹಿಡಿಯಿತು. ಓದಿ ನೋಡಿದರೆ ಪ್ರತಿ ಅಧ್ಯಾಯದಲ್ಲೂ ಅಳು. ಅವಳು ಅತ್ತಷ್ಟೂ ನನಗೇ ಕನಿಕರ ಕಮ್ಮಿಯಾಗುತ್ತಿತ್ತು.

ಆಮೇಲೆ 'ನೋವು', 'ದುಃಖ', 'ಕಣ್ಣೀರು' ಈ ಮೂರು ಪದ ಮುಟ್ಟದೆ ಬರೆಯಬೇಕು ಅಂತ ಹಟ ಹಿಡಿದೆ. ಆಗ ಕೈಗೆ ಸಿಕ್ಕಿದ್ದು ಅವಳ ಫೋನು. ರಾತ್ರಿ ಹನ್ನೊಂದಕ್ಕೆ ಅವನ ಹಳೇ ಮೆಸೇಜು ತೆಗೆಯುತ್ತಾಳೆ. 'ಊಟ ಆಯ್ತಾ?' ಅಷ್ಟೇ ಇದೆ ಅದರಲ್ಲಿ. ನಾಲ್ಕು ತಿಂಗಳ ಹಿಂದಿನದು. 'ಆಯ್ತು' ಅಂತ ಟೈಪ್ ಮಾಡುತ್ತಾಳೆ, ಅಳಿಸುತ್ತಾಳೆ, ಅವನು ಆನ್‌ಲೈನ್ ಇದ್ದಾನಾ ಅಂತ ನೋಡುತ್ತಾಳೆ. ಈ ಅರ್ಧ ಪುಟ ಬಂದ ಮೇಲೆ ಅದರ ಹಿಂದಿನ ಇಪ್ಪತ್ತು ಪುಟ ಬೇಕಾಗಲೇ ಇಲ್ಲ.

'ಮುಂದೆ ಇದೆಲ್ಲ ಚಿಕ್ಕದು ಅನಿಸುತ್ತೆ' ಅನ್ನೋ ಥರದ ವಾಕ್ಯಗಳನ್ನೂ ಹುಡುಕಿ ತೆಗೆದೆ. ಅದು ನನ್ನ ವಯಸ್ಸಿನ ಮಾತು. ಮೊದಲ ಸಲ ಮನಸ್ಸು ಮುರಿದವರಿಗೆ ಅದು ಒಂದು ದಿನ ಮುಗಿಯುತ್ತದೆ ಅಂತ ಗೊತ್ತಿರುವುದಿಲ್ಲ.

ನಿಜವಾಗಿ ಕಷ್ಟವಾದದ್ದು ಗೆಳತಿಯ ಪಾತ್ರ. ಅವಳ ಮಾತೆಲ್ಲ ಎರಡೇ ಬಗೆ: 'ಏನಾಯ್ತೇ?', 'ಬಿಡು, ಸರಿಹೋಗುತ್ತೆ'. ಇವಳ ಅಳು ಕೇಳೋಕೆ ಸುಮ್ನೆ ಒಂದು ಕಿವಿ ಇಟ್ಟ ಹಾಗಿತ್ತು. ಹಾಗಾಗಿ ಅದೇ ವಾರಗಳನ್ನು ಗೆಳತಿಯ ಕಡೆಯಿಂದ ಹನ್ನೆರಡು ಪುಟ ಬರೆದೆ. ಪುಸ್ತಕಕ್ಕಲ್ಲ, ನನಗೋಸ್ಕರ. ಅಲ್ಲಿ ತಿಳಿಯಿತು, ಅವಳ ಮನೆಯೇ ಒಡೆಯುತ್ತಿತ್ತು. ಅದನ್ನು ಹೇಳೋಕೆ ಅವಳು ಮೂರು ಸಲ ಬಾಯಿ ತೆರೆದಿದ್ದಳು.

ಮೂರನೇ ಅಧ್ಯಾಯಕ್ಕೆ ವಾಪಸ್ ಹೋಗಿ ಒಂದು ಸಾಲು ಸೇರಿಸಿದೆ. 'ನಿಂಗೊಂದು ವಿಷ್ಯ ಹೇಳ್ಬೇಕು ಕಣೇ' ಅನ್ನುತ್ತಾಳೆ ಗೆಳತಿ. ಅಷ್ಟರಲ್ಲಿ ಫೋನು ಸದ್ದು ಮಾಡುತ್ತದೆ, ನಾಯಕಿ ಅತ್ತ ತಿರುಗುತ್ತಾಳೆ. ಅಲ್ಲಿಂದ ಇಡೀ ಕಥೆ ಬೇರೆ ದಾರಿ ಹಿಡಿಯಿತು. ಹುಡುಗ ಬಿಟ್ಟು ಹೋದರೆ ಸಮಾಧಾನ ಹೇಳೋಕೆ ನಾಲ್ಕು ಜನ ಬರುತ್ತಾರೆ. ಗೆಳತಿ ಮಾತಾಡೋದು ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ, ಅಲ್ವಾ? ಹದಿನೇಳರಲ್ಲಿ ನಾನೂ ಹಾಗೆ ಒಬ್ಬಳನ್ನು ಕಳೆದುಕೊಂಡಿದ್ದೆ. ಅದನ್ನು ಬರೆಯುತ್ತಿದ್ದೇನೆ ಅಂತ ಗೊತ್ತಾದದ್ದು ಆಗಲೇ.

ಕೊನೆಯಲ್ಲಿ ನಾಯಕಿ ತಾನು ಕಲಿತದ್ದನ್ನೆಲ್ಲ ಎರಡು ಪುಟ ಹೇಳುತ್ತಿದ್ದಳು. ಅದು ಹೋಯಿತು. ಈಗ ಅವಳು ಫೋನು ಒಳಗಿಟ್ಟು ಬಂದು ಕೇಳುವುದು ಇಷ್ಟೇ: 'ಅವತ್ತು ಏನೋ ಹೇಳ್ಬೇಕು ಅಂದಿದ್ಯಲ್ಲ, ಏನದು?'

ಅದೇ ವಯಸ್ಸಿನ ಮೂವರಿಗೆ ಓದಲು ಕೊಟ್ಟೆ. ಆ ಹುಡುಗ ಏನಾದ ಅಂತ ಯಾರೂ ಕೇಳಲಿಲ್ಲ. ಕೊನೆಯ ಆ ಪ್ರಶ್ನೆಗೆ ಗೆಳತಿ ಅಷ್ಟು ಬೇಗ ಬಾಯಿ ಬಿಡಬಾರದಿತ್ತು ಅಂದಳು ಒಬ್ಬಳು. ಹೌದು ಅನಿಸಿತು. ಈಗ ಆ ಪ್ರಶ್ನೆ ಆದ ಮೇಲೆ ಒಂದು ಪುಟ ಪೂರ್ತಿ ಇಬ್ಬರೂ ಸುಮ್ಮನೆ ಕೂತಿರುತ್ತಾರೆ.