ಬಗಲಿನ ಗ್ರಂಥಿ ಬೇರೆ ಉತ್ತರ ಕೊಟ್ಟಾಗ

ಸ್ತನ ಕ್ಯಾನ್ಸರಿನ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಸಾಲು ಇರುತ್ತವೆ. ಮೊದಲೆರಡು ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ರಿಸೆಪ್ಟರುಗಳು, ಮೂರನೆಯದು ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನು. ಇವನ್ನೇ ಮಾರ್ಕರ್ ಎನ್ನುತ್ತೇವೆ. ಮುಂದಿನ ಔಷಧ ಬಹುಪಾಲು ನಿಂತಿರುವುದು ಅವುಗಳ ಮೇಲೆ. ಇಆರ್ ಪಾಸಿಟಿವ್ ಇದ್ದರೆ ಟ್ಯಾಮಾಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆ, ಹರ್-2 ಪಾಸಿಟಿವ್ ಇದ್ದರೆ ಟ್ರಾಸ್ಟುಜುಮ್ಯಾಬ್. ಈ ಪರೀಕ್ಷೆಯನ್ನು ನಾವು ಮಾಡುವುದು ಮೊಲೆಯ ಗಂಟಿನ ಮೇಲೆ. ಆದರೆ ಗಂಟು ಬಿಟ್ಟು ಹೊರಟ ಕೋಶಗಳು ಬಗಲಿನ ದುಗ್ಧಗ್ರಂಥಿಯಲ್ಲಿ ಕೂತಿರುತ್ತವೆ. ಅಲ್ಲಿಯೂ ಅದೇ ಗುಣ ಉಳಿದಿದೆಯೇ ಎಂದು ನೋಡಲು, ಬೆಳಗಾವಿಯ ನಮ್ಮ ಲ್ಯಾಬಿಗೆ ಬಂದ ಪ್ರಕರಣಗಳ ಬ್ಲಾಕುಗಳನ್ನು (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡುಗಳು), ಗಂಟಿನದೊಂದು ಗ್ರಂಥಿಯದೊಂದು, ಜೋಡಿ ಜೋಡಿಯಾಗಿ ತೆಗೆದಿಟ್ಟೆ.

ಆಪರೇಷನ್ನಿಗೆ ಮೊದಲೇ ಕೀಮೋ ಪಡೆದವರನ್ನು ಕೈಬಿಟ್ಟೆ. ಕೀಮೋದಿಂದಲೇ ಮಾರ್ಕರ್ ಬದಲಾಗಬಹುದು, ಆಮೇಲೆ ಯಾವುದು ಯಾವುದರಿಂದ ಎಂದು ಬಿಡಿಸಲಾಗದು. ಗ್ರಂಥಿಯಲ್ಲಿನ ಕ್ಯಾನ್ಸರ್ 2 ಮಿ.ಮೀ.ಗಿಂತ ದೊಡ್ಡದಿದ್ದರೆ ಮಾತ್ರ ಆರಿಸಿದೆ. ಅದಕ್ಕಿಂತ ಚಿಕ್ಕದು ಹಲವು ಸೆಕ್ಷನ್ (ಸ್ಲೈಡಿಗೆ ಹಾಕುವ ತೆಳು ಪದರ) ಕೊಯ್ಯುವಷ್ಟರಲ್ಲಿ ಬ್ಲಾಕಿನಿಂದಲೇ ಮಾಯವಾಗಬಹುದು. ಎರಡರ ಸ್ಲೈಡನ್ನೂ ಒಂದೇ ಬ್ಯಾಚಿನಲ್ಲಿ, ಒಂದೇ ಪ್ರೆಶರ್ ಕುಕ್ಕರಿನಲ್ಲಿ ಹಾಕಿಸಿದೆ; ಬಣ್ಣ ಸರಿಯಾಗಿ ಹತ್ತಲು ಸ್ಲೈಡನ್ನು ಮೊದಲು ಅದರಲ್ಲಿ ಬಿಸಿ ಮಾಡುತ್ತೇವೆ. ಮಾರ್ಕರ್ ಇದ್ದಲ್ಲಿ ಕಂದು ಬಣ್ಣ ಹತ್ತುತ್ತದೆ, ಇಲ್ಲದಲ್ಲಿ ನೀಲಿ ಉಳಿಯುತ್ತದೆ. ಓದುವಾಗ ನಂಬರಿನ ಮೇಲೆ ಚೀಟಿ ಅಂಟಿಸಿ, ಗ್ರಂಥಿಯದನ್ನೇ ಮೊದಲು ಓದುತ್ತಿದ್ದೆ. ಗಂಟಿನ ಉತ್ತರ ಗೊತ್ತಿದ್ದರೆ ಕಣ್ಣು ತನ್ನಷ್ಟಕ್ಕೆ ಆ ಕಡೆ ವಾಲುತ್ತದೆ.

ಗ್ರಂಥಿಯ ಸ್ಲೈಡಿಗೆ ಅದರದೇ ತೊಂದರೆಗಳಿವೆ. ಮೊಲೆಯ ಸೆಕ್ಷನ್ನಿನಲ್ಲಿ ಗಂಟಿನ ಪಕ್ಕ ಸಹಜ ಹಾಲಿನ ನಾಳಗಳಿರುತ್ತವೆ. ಅವುಗಳ ಕೆಲವು ಕೋಶಗಳಿಗೆ ಇಆರ್ ಬಣ್ಣ ಹತ್ತಲೇಬೇಕು. ಅದೇ ನಮ್ಮ ಸಾಕ್ಷಿ. ಗ್ರಂಥಿಯಲ್ಲಿ ನಾಳವೇ ಇಲ್ಲ. ಹಾಗಾಗಿ ಅದೇ ರೋಗಿಯ ಸಹಜ ಮೊಲೆಯ ಚೂರನ್ನು ಗ್ರಂಥಿಯ ಸ್ಲೈಡಿನ ಅಂಚಿಗೆ ಕೂರಿಸುತ್ತಿದ್ದೆ. ಬಣ್ಣ ಕೆಲಸ ಮಾಡಿದೆ ಎಂಬುದಕ್ಕೆ ಅದು ಸಾಕು, ಗ್ರಂಥಿ ಸರಿಯಾಗಿ ಫಿಕ್ಸ್ ಆಗಿತ್ತು (ಫಾರ್ಮಲಿನ್ ದ್ರಾವಣ ಒಳಗಿಳಿದು ಕೆಡದಂತೆ ಉಳಿದಿತ್ತು) ಎಂಬುದಕ್ಕೆ ಸಾಲದು. ಎಷ್ಟು ಕೋಶಗಳು ವಿಭಜನೆಯಾಗುತ್ತಿವೆ ಎಂದು ತೋರಿಸುವ ಕೆಐ-67 ಇನ್ನೂ ರಗಳೆ: ಗ್ರಂಥಿಯ ಸ್ವಂತ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣ) ಬೆಳೆಯುವ ಜಾಗದಲ್ಲೆಲ್ಲ ಕಂದು ಬಣ್ಣ ತುಂಬಿರುತ್ತದೆ. ಕ್ಯಾನ್ಸರ್ ಕೋಶಗಳ ನಡುವೆ ಅವೂ ನುಸುಳಿರುವುದರಿಂದ ಒಂದೊಂದೇ ಕೋಶ ನೋಡಿ ಎಣಿಸಬೇಕು. ಅಂದಾಜಿಗೆ ಬಿಟ್ಟರೆ ಅಂಕಿ ಸುಮ್ಮನೆ ಏರುತ್ತದೆ.

ಬಹುಪಾಲು ಜೋಡಿಗಳು ಹೊಂದಿದವು. ಹೊಂದದವುಗಳಲ್ಲಿ ಪಿಆರ್ ಹೆಚ್ಚು, ಹರ್-2 ಕಡಿಮೆ. ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಮಾತ್ರ ಒಂದು ಇಆರ್ ಜೋಡಿ. "ಮೇಡಮ್ಮರ, ಗಂಟಿಗೆ ಬಣ್ಣಾನ ಹತ್ತಿಲ್ಲ ನೋಡ್ರಿ, ಗ್ರಂಥಿಗೆ ಮಾತ್ರ ಛಲೋ ಹತ್ತೈತಿ" ಎಂದು ಟೆಕ್ನಿಷಿಯನ್ ಟ್ರೇ ತಂದಿಟ್ಟ. ಗಂಟು ಪೂರ್ತಿ ನೀಲಿ. ಗ್ರಂಥಿಯಲ್ಲಿ ನ್ಯೂಕ್ಲಿಯಸ್ಸುಗಳೆಲ್ಲ ಕಡುಕಂದು. ಕ್ಯಾನ್ಸರ್ ಗುಣ ಬದಲಿಸಿದೆ ಎಂದು ಬರೆಯಲು ಆಸೆಯಾಗುವಂಥ ಚಿತ್ರ. ಆದರೆ ಗಂಟಿನ ಪಕ್ಕದ ಸಹಜ ನಾಳಗಳೂ ನೀಲಿಯಾಗಿಯೇ ಇದ್ದವು.

ಆ ಮೊಲೆ ಗೋಕಾಕ ಕಡೆಯಿಂದ ಬಸ್ಸಿನಲ್ಲಿ, ಕೊಯ್ಯದೆ ಇಡಿಯಾಗಿ ಡಬ್ಬಿಯಲ್ಲಿ ಬಂದಿತ್ತು. ನಡುವೆ ಒಂದು ಭಾನುವಾರ. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿ.ಮೀ. ಅಂಚಿನಲ್ಲಿದ್ದ ಗ್ರಂಥಿಗೆ ಅದು ಬೇಗ ಮುಟ್ಟಿದೆ, ನಡುವಿನ ಗಂಟು ಅಷ್ಟರಲ್ಲಿ ಕೆಟ್ಟಿದೆ. ತೆಗೆದ ಒಂದು ಗಂಟೆಯೊಳಗೆ ಹೋಳು ಮಾಡಿ ಫಾರ್ಮಲಿನ್‌ಗೆ ಹಾಕಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು ಎಂಬ ನಿಯಮ ಇರುವುದೇ ಇದಕ್ಕೆ. ಆಕೆಯ ಆಪರೇಷನ್ನಿಗೆ ಮೊದಲಿನ ಸೂಜಿ ಬಯಾಪ್ಸಿಯ ಬ್ಲಾಕ್ ತರಿಸಿ ಬಣ್ಣ ಹಾಕಿಸಿದೆ. ಚೂರು ಚಿಕ್ಕದು, ಫಾರ್ಮಲಿನ್ ಬೇಗ ಒಳಗಿಳಿದಿರುತ್ತದೆ. ಅದರಲ್ಲಿ ಇಆರ್ ಢಾಳಾಗಿ ಬಂತು. ಶೇ. 1ರಷ್ಟು ನ್ಯೂಕ್ಲಿಯಸ್ಸಿಗೆ ಬಣ್ಣ ಹತ್ತಿದರೂ ಪಾಸಿಟಿವ್ ಎನ್ನುತ್ತೇವೆ. ಇಲ್ಲಿ ಎಣಿಸುವ ಅಗತ್ಯವೇ ಇರಲಿಲ್ಲ. ಗಂಟು, ಗ್ರಂಥಿ ಎರಡೂ ಒಂದೇ.

ಅಂದಿನಿಂದ ಹೊಂದದ ಜೋಡಿ ಕಂಡರೆ ಮೊದಲು ನಾಳ ನೋಡುತ್ತೇನೆ, ಆಮೇಲೆ ಗಂಟಿನ ಇನ್ನೊಂದು ಬ್ಲಾಕ್. ಒಂದೇ ಗಂಟಿನ ಎರಡು ಮೂಲೆಗಳು ಬೇರೆ ಬೇರೆ ಇರಬಹುದು. ಮೊಲೆಯಲ್ಲಿ ಎರಡು ಗಂಟುಗಳಿದ್ದರೆ ಗ್ರಂಥಿಗೆ ಹೋದದ್ದು ನಾವು ಪರೀಕ್ಷಿಸದ ಗಂಟಿನಿಂದಲೂ ಇರಬಹುದು. ಇಷ್ಟೂ ದಾಟಿ ಉಳಿದದ್ದನ್ನು ಮಾತ್ರ ನಿಜವಾದ ವ್ಯತ್ಯಾಸ ಎಂದು ಲೆಕ್ಕಕ್ಕೆ ಹಿಡಿದೆ. ಅಂಥವು ಕೆಲವು ಉಳಿದವು, ಹೆಚ್ಚಿನವು ಪಿಆರ್.

ಲೆಕ್ಕ ಹಾಕುವಾಗ ಬರೀ ಶೇಕಡಾ ಹೊಂದಿಕೆ ನಂಬಬೇಡಿ. ಸ್ತನ ಕ್ಯಾನ್ಸರಿನಲ್ಲಿ ಹರ್-2 ನೆಗೆಟಿವ್‌ಗಳೇ ಜಾಸ್ತಿ. ಎರಡೂ ಕಡೆ ನೋಡದೆ ನೆಗೆಟಿವ್ ಎಂದು ಬರೆದರೂ ಶೇಕಡಾ ಚೆಂದವೇ ಬರುತ್ತದೆ. ಆಕಸ್ಮಿಕ ಹೊಂದಿಕೆಯನ್ನು ಕಳೆದು ಹೇಳುವ ಕೋಹೆನ್ ಕಪ್ಪಾ ಜೊತೆಗಿರಲಿ.

ಎಲ್ಲರ ಗ್ರಂಥಿಗೂ ಮಾರ್ಕರ್ ಮಾಡಿಸಿ ಎಂದು ನಾನು ಹೇಳುವುದಿಲ್ಲ, ಖರ್ಚು ಮನೆಯವರ ತಲೆ ಮೇಲೆ ಬೀಳುತ್ತದೆ. ಇಆರ್ ಗಟ್ಟಿ ಇದ್ದು ಗ್ರಂಥಿಯಲ್ಲಿ ಪಿಆರ್ ಮಾತ್ರ ಹೋಗಿದ್ದರೆ ಹಾರ್ಮೋನ್ ಮಾತ್ರೆಯ ತೀರ್ಮಾನ ಅದರಿಂದ ತಿರುಗುವುದಿಲ್ಲ. ಗಂಟಿನಲ್ಲಿ ಮೂರೂ ನೆಗೆಟಿವ್ ಬಂದು ಫಿಕ್ಸೇಷನ್ ಮೇಲೆ ಅನುಮಾನವಿದ್ದಾಗ, ಗಂಟಿನಲ್ಲಿ ಹರ್-2 ಸ್ಕೋರ್ 2+ (ಹೌದೋ ಅಲ್ಲವೋ ಎಂದು ಹೇಳಲಾಗದ ಅಂಕ) ಬಂದು ಹರ್-2 ಜೀನಿನ ಪ್ರತಿಗಳನ್ನು ಎಣಿಸುವ ಫಿಶ್‌ಗೆ ಕಳಿಸಬೇಕಾದಾಗ, ಸೂಕ್ಷ್ಮದರ್ಶಕದಲ್ಲಿ ಗ್ರಂಥಿಯ ಕೋಶಗಳ ರೂಪವೇ ಗಂಟಿನದಕ್ಕೆ ಹೋಲದಿದ್ದಾಗ ನಾನೇ ಆಂಕಾಲಜಿಸ್ಟರಿಗೆ ಫೋನ್ ಮಾಡಿ ಗ್ರಂಥಿಯ ಬ್ಲಾಕ್ ಹಾಕಲೇ ಎಂದು ಕೇಳುತ್ತೇನೆ. ಜೊತೆಗೆ ತಾಲ್ಲೂಕಿನ ಸರ್ಜನ್ನರಿಗೂ ಒಂದು ಫೋನ್: ಡಬ್ಬಿಗೆ ಹಾಕುವ ಮೊದಲು ಗಂಟಿನ ನಡುವೆ ಒಂದು ಕೊಯ್ತ ಕೊಡ್ರಿ, ತೆಗೆದ ಟೈಮು ಚೀಟಿ ಮೇಲೆ ಬರೀರಿ. ಕೆಲವರು ಬರೆದು ಕಳಿಸುತ್ತಿದ್ದಾರೆ.