ಜಾತ್ರೆಯ ಹಳೇ ಟೇಪಿಗೆ ಎಫ್‌ಎಫ್‌ಎಂಪೆಗ್ ಫಿಲ್ಟರ್

ಬಾದಾಮಿ ಬನಶಂಕರಿ ಜಾತ್ರೆಯ ಹಳೇ ಡಿವಿ (ಡಿಜಿಟಲ್ ವಿಡಿಯೊ) ಟೇಪಿನಲ್ಲಿ ತೇರು ಅಲುಗಿದರೆ ಅಂಚಿಗೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ. ಪಾಲ್ (ನಮ್ಮ ಹಳೇ ಟಿವಿ ಮಾದರಿ) ವಿಡಿಯೊ 720×576, ಸೆಕೆಂಡಿಗೆ 50 ಅರೆಚಿತ್ರ (ಫೀಲ್ಡ್: ಸಾಲು ಬಿಟ್ಟು ಸಾಲು ಹಿಡಿದ ಚಿತ್ರ). ಅವು ಹೆಣೆದುಕೊಂಡಿರುವುದೇ ಕಾರಣ.

ಗೆರೆ ತೆಗೆಯಲು, ವಿಡಿಯೊ ಪರಿವರ್ತಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ ಕಮಾಂಡಿನಲ್ಲಿ ‘ವಿಎಫ್’ (ವಿಡಿಯೊ ಫಿಲ್ಟರ್) ಆದಮೇಲೆ ಫಿಲ್ಟರುಗಳನ್ನು ಅಲ್ಪವಿರಾಮ ಹಾಕಿ ಪೋಣಿಸಿ. ಎಡದಿಂದ ಬಲಕ್ಕೆ ಓಡುತ್ತವೆ, ಹಾಗಾಗಿ ಕ್ರಮವೇ ಮುಖ್ಯ: ಮೊದಲು ಹೆಣಿಗೆ ಬಿಡಿಸುವ ಬಿಡಬ್ಲ್ಯೂಡಿಫ್, ಆಮೇಲೆ ಅಳತೆ ಬದಲಿಸುವ ಸ್ಕೇಲ್ 960:720, ಕೊನೆಗೆ ಪಿಕ್ಸೆಲ್ ಚೌಕವೆಂದು ಗುರುತಿಸುವ ಸೆಟ್‌ಸಾರ್ 1. ಸ್ಕೇಲ್ ಮೊದಲು ಬಂತೋ, ಎರಡೂ ಅರೆಚಿತ್ರ ಕಲಸಿ ಗೆರೆ ಕಾಯಂ ಆಗುತ್ತದೆ; ಮತ್ತೆ ಬಿಡಿಸಲಾಗದು.

ಹೆಣಿಗೆ ಬಿಡಿಸುವ ಇನ್ನೊಂದು ಫಿಲ್ಟರ್ ಯಾಡಿಫ್ ಸುಮ್ಮನೆ ಹಾಕಿದರೆ ಸೆಕೆಂಡಿಗೆ 25 ಚಿತ್ರವಷ್ಟೇ. ಬಿಡಬ್ಲ್ಯೂಡಿಫ್ 50 ಕೊಡುತ್ತದೆ, ತೇರಿಗೆ ಅದೇ ಚಂದ. ಚಲನೆ ಹಿಂದೆಮುಂದೆ ತೊನೆದರೆ ಫೀಲ್ಡ್ ಕ್ರಮ ತಪ್ಪಿದೆ: ಡಿವಿಗೆ ಬಿಡಬ್ಲ್ಯೂಡಿಫ್‌ನ ಪ್ಯಾರಿಟಿ (ಯಾವ ಫೀಲ್ಡ್ ಮೊದಲು ಎಂಬ ಆಯ್ಕೆ) ‘ಬಿಎಫ್‌ಎಫ್’, ಅಂದರೆ ಕೆಳಗಿನದು ಮೊದಲು.

ವಿಡಿಯೊಗೆ ‘ಕಾಪಿ’ (ಇದ್ದದ್ದನ್ನು ಹಾಗೇ ನಕಲಿಸು) ಕೊಟ್ಟರೆ ಫಿಲ್ಟರ್ ನಡೆಯದು. ಎಕ್ಸ್264 ಎನ್‌ಕೋಡರ್, ಸಿಆರ್‌ಎಫ್ (ಗುಣಮಟ್ಟದ ಅಂಕಿ) 18 ಹಾಕಿ, ಮೊದಲು 10 ಸೆಕೆಂಡ್ ತುಂಡಿನ ಮೇಲೆ ನೋಡಿ.