ಹಳೇ ರೇಸ್ ಫಿಯೆಟ್ ಇಂಜಿನ್: ಬೇರಿಂಗ್ ಯಾಕೆ ಸವೆಯುತ್ತಿತ್ತು?

ಅಪ್ಪ ಚೆನ್ನೈ ಹತ್ತಿರದ ಶೋಲಾವರಂ ರನ್‌ವೇ ಮೇಲೆ ರೇಸ್ ಓಡಿಸುತ್ತಿದ್ದ ಫಿಯೆಟ್ 1100 ಇನ್ನೂ ನಮ್ಮ ಮನೆಯಲ್ಲೇ ಇದೆ. 1089 ಸಿಸಿ ಇಂಜಿನ್. ಹೋದ ವರ್ಷ ಪೂರ್ತಿ ಬಿಚ್ಚಿ ಕಟ್ಟಿಸಿದೆ. 300 ಕಿ.ಮೀ. ಓಡಿದ್ದೇ ತಡ, ಇಂಜಿನ್ ಬಿಸಿಯಾದಾಗ ಆಯಿಲ್ ಲೈಟ್ (ಆಯಿಲ್ ಒತ್ತಡ ಕಡಿಮೆಯಾದರೆ ಹತ್ತುವ ಲೈಟ್) ಮಿನುಗತೊಡಗಿತು. ಆಯಿಲ್ ಪಂಪ್ ಹೊಸದು ಹಾಕಿದೆ. ಸುಮ್ನೆ ದುಡ್ಡು ಹೋಯಿತು.

ಕೊನೆಗೆ ಇಂಜಿನ್ ಅಡಿಯ ಆಯಿಲ್ ತಟ್ಟೆ, ಅಂದರೆ ಸಂಪ್ ಇಳಿಸಿದೆ. ಹೊಸ ಬೇರಿಂಗ್ ಮೇಲೆ ಉಗುರಿಗೆ ಸಿಗುವಷ್ಟು ಗೀರು, ಅಲ್ಲಲ್ಲಿ ಮೇಲಿನ ಪದರ ಸವೆದು ತಾಮ್ರದ ಬಣ್ಣ. ಬೇರಿಂಗ್ ಮೇಲೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್ ಆಚೆ ತೆಗೆದು ಅದರ ಆಯಿಲ್ ತೂತಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಸಣ್ಣ ಬ್ರಷ್ ತೂರಿಸಿದೆ. ಕಾಡಿಗೆಯಂಥ ಕಪ್ಪು ಅಂಟು ಬಂತು. ಬೆರಳಲ್ಲಿ ತಿಕ್ಕಿದರೆ ಮರಳಿನ ಹಾಗೆ ಕರಕರ. ಗ್ರೈಂಡಿಂಗ್ ಪುಡಿ! ಕ್ರ್ಯಾಂಕ್ ಗ್ರೈಂಡ್ ಮಾಡಿಸಿದ ಮೇಲೆ ಆ ತೂತುಗಳನ್ನು ಯಾರೂ ತೊಳೆದಿರಲಿಲ್ಲ. ನಾನೂ ನೋಡಿರಲಿಲ್ಲ.

ಬ್ರಷ್ ಬಿಳಿಯಾಗಿ ಬರುವ ತನಕ ತೊಳೆದೆ, ಗಾಳಿ ಹೊಡೆದೆ. ಕ್ರ್ಯಾಂಕ್ ಮತ್ತೆ 0.25 ಮಿ.ಮೀ. ಗ್ರೈಂಡ್ ಆಯಿತು. ಮತ್ತೆ ತೊಳೆದೆ, ಈ ಸಲ ನನ್ನ ಕೈಯಾರೆ. ಹೊಸ ಅಳತೆಗೆ ಹೊಂದುವ ಬೇರಿಂಗ್ ಕೂರಿಸಿ, ಅದಕ್ಕೂ ಕ್ರ್ಯಾಂಕ್‌ಗೂ ನಡುವಿನ ಗ್ಯಾಪ್ ನೋಡಿದರೆ 0.05 ಮಿ.ಮೀ.

ಸ್ಟಾರ್ಟ್ ಮಾಡುವ ಮೊದಲೇ ಬೇರಿಂಗ್‌ಗೆ ಆಯಿಲ್ ಮುಟ್ಟಲಿ ಅಂತ ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಆಯಿಲ್ ಲೈಟ್ ಆರುವ ತನಕ ಬಿಟ್ಟುಬಿಟ್ಟು ಸೆಲ್ಫ್ ಹೊಡೆದೆ. ಇದನ್ನು ಮಾತ್ರ ಬಿಡಬೇಡಿ. ಈಗ 800 ಕಿ.ಮೀ. ಆಗಿದೆ. ಎಷ್ಟೇ ಬಿಸಿಯಾದರೂ ಲೈಟ್ ಹತ್ತಿಲ್ಲ.